ಕಾಕುವಿನ ತಟ್ಟೆಯ ಕೆಳಗಿನ ನ್ಯೂಗಿನಿ

ಜನವರಿ ೧೯, ಸೋಮವಾರ, ಬೆಳಗ್ಗೆ ೬.೧೦. ಬ್ಯಾಂಕಿಗೆ ಹೊರಡುವ ಮೊದಲು ಬರೆದು ಮುಗಿಸಬೇಕು.

ನಮ್ಮ ಕಾಕುಗೆ ನ್ಯೂಗಿನಿ ಹಿಡಿದಿದೆ! ಮಲೇರಿಯಾ ಹಿಡಿದರೆ ಮಾತ್ರೆ ಇದೆ, ದೆವ್ವ ಹಿಡಿದರೆ ಬೇವಿನ ಸೊಪ್ಪಿದೆ. ದ್ವೀಪ ಹಿಡಿದರೆ ಏನು ಮಾಡುವುದು? ಹೋದ ವಾರದ ನನ್ನ ಲೆಕ್ಕದಲ್ಲಿ ಈ ಮನೆಯೊಳಗೆ ನ್ಯೂಗಿನಿಯ ಹೆಸರು ನಲವತ್ತೊಂದು ಸಲ ಬಂದಿದೆ, ನನ್ನ ಹೆಸರು ಆರು ಸಲ. ಅದರಲ್ಲೂ ಎರಡು ಸಲ ಹಾಲು ತರುವುದಕ್ಕೆ!

ಕಾಕು ಎಂದರೆ ನಮ್ಮ ಧಾರವಾಡದ ಕಡೆ ಚಿಕ್ಕಪ್ಪನ ಹೆಂಡತಿ. ಕೇಂದ್ರ ಸರ್ಕಾರದ ನೌಕರಿಯ ಕಾಕಾ ಕೊಚ್ಚಿಗೆ ವರ್ಗವಾಗಿ ತ್ರಿಪ್ಪುಣಿತ್ತುರದಲ್ಲಿ ಮನೆ ಮಾಡಿದ್ದಾರೆ. ಬ್ಯಾಂಕಿನ ಕೆಲಸಕ್ಕೆ ಕೊಚ್ಚಿಗೆ ಬಂದ ನನಗೆ ಅಲ್ಲೇ ಊಟ, ವಸತಿ, ಭೂಗೋಳ. ಇಂಥ ಕಾಕುಗೆ ತಿರುವನಂತಪುರದ ಕನ್ನಡಿಗರ ಸಂಕ್ರಾಂತಿ ಕೂಟದಲ್ಲಿ ಹತ್ತು ನಿಮಿಷ ಮಾತಾಡುವ ಕರೆ ಬಂತು. ಹುಟ್ಟಿದಂದಿನಿಂದ ಮೈಕು ಮುಟ್ಟಿದವರಲ್ಲ!

"ಮಂದಿ ಊಟಕ್ಕ ಬರ್ತಾರ, ಭೂಗೋಳಕ್ಕಲ್ಲ," ಎಂದರು ಕಾಕಾ.

"ಅಲ್ಲೆ ಮಂದಿ ನಕ್ಕರ, ಈ ಮನಿಯೊಳಗ ಮತ್ತ ಆ ದ್ವೀಪದ ಸುದ್ದಿ ತಗಿಯೂದಿಲ್ಲ. ಆತಿಲ್ಲೊ?" ಎಂದರು ಕಾಕು. ನಗುತ್ತಾ ಹೇಳಿದ್ದಲ್ಲ.

ರೋಗದ ಮೂಲ ನಮ್ಮ ಊಟದ ಮೇಜಿನ ಪ್ಲಾಸ್ಟಿಕ್ ಹೊದಿಕೆ. ಅದರ ತುಂಬ ಪ್ರಪಂಚದ ನಕಾಶೆ. ಕಾಕಾ ಬ್ರೆಜಿಲ್ ಮೇಲೆ ಉಣ್ಣುತ್ತಾರೆ, ನಾನು ಆಫ್ರಿಕಾ, ಅವರ ಒಂಬತ್ತನೇ ಕ್ಲಾಸಿನ ಮಗಳು ಗ್ರೀನ್‌ಲ್ಯಾಂಡ್. ಅಡುಗೆಮನೆಗೆ ಹತ್ತಿರದ ಮೂಲೆ ಕಾಕುವಿನದು. ಎಲ್ಲರಿಗೂ ಬಡಿಸಿ, ಕೊನೆಗೆ ಉಂಡು ತಟ್ಟೆ ಎತ್ತಿದರೆ ಕೆಳಗೆ ನ್ಯೂಗಿನಿ! ಪ್ರಪಂಚದಲ್ಲೇ ಎರಡನೇ ದೊಡ್ಡ ದ್ವೀಪ! "ಇಷ್ಟು ದಿನಾ ಇದನ್ನ ತಾಟಿಲೇ ಮುಚ್ಚಿದ್ದೆನಲ್ಲೋ!"

ಒಂದು ಭಾನುವಾರ ತಿಂಡಿಗೆ ಪುಟ್ಟು, ಅಕ್ಕಿಹಿಟ್ಟನ್ನು ಕೊಳವೆಯಲ್ಲಿ ತುಂಬಿ ಹಬೆಯಲ್ಲಿ ಬೇಯಿಸಿದ ಕೇರಳದ ತಿಂಡಿ. ಕಾಕು ಬಾಳೆಲೆಯ ಮೇಲೆ ಪುಟ್ಟಿನ ಉದ್ದುದ್ದ ತುಂಡುಗಳನ್ನು ಸಾಲಾಗಿ ಮಲಗಿಸಿದರು: ದ್ವೀಪದ ಬೆನ್ನೆಲುಬಾದ ಬೆಟ್ಟಸಾಲು. ನೆತ್ತಿಗೆ ತೆಂಗಿನ ತುರಿ: ಸಮಭಾಜಕ ವೃತ್ತದ ಪಕ್ಕದಲ್ಲೇ ಹಿಮ! ದಕ್ಷಿಣಕ್ಕೆ ಕಡಲೆಯ ಸಾರು ಹೊಯ್ದು ಜೌಗು ಮಾಡಿದರು. ನಡುವೆ ಚಾಕುವಿನಿಂದ ಗೆರೆ: ಈಚೆ ಇಂಡೋನೇಷ್ಯಾ, ಆಚೆ ಪಪುವಾ ನ್ಯೂಗಿನಿ ದೇಶ. ಹಸಿದಿದ್ದ ಕಾಕಾ ಪಶ್ಚಿಮದ ತುದಿಯನ್ನು ಮುರಿದು ಬಾಯಿಗೆ ಹಾಕಿಕೊಂಡರು.

"ಅಯ್ಯ, ಏನ್ರೀ ಇದು! ಹಕ್ಕಿ ತಲಿ ತಿಂದುಬಿಟ್ರಿ!"

ಆ ದ್ವೀಪ ನಕಾಶೆಯಲ್ಲಿ ಹಕ್ಕಿಯಂತಿದೆ, ಪಶ್ಚಿಮದ ತುದಿಯೇ ಅದರ ತಲೆ. ಆದರೆ ಈರುಳ್ಳಿಯನ್ನೂ ಮುಟ್ಟದ ಕಾಕಾಗೆ ಇದನ್ನು ಮೊದಲೇ ಹೇಳಬಾರದೆ?

ಇನ್ನೊಮ್ಮೆ ಕೊಚ್ಚಿ ಬಂದರಿನ ಪಕ್ಕದ ವಲ್ಲಾರ್ಪಾಡಂ ಸೇತುವೆಯ ಮೇಲೆ ಆಟೋ ನಿಲ್ಲಿಸಿ, ಕಂಟೇನರ್ ಹಡಗಿಗೆ ಕೈಬೀಸಿದರು. "ನ್ಯೂಗಿನಿಗೇ ಹೊಂಟದ ನೋಡು!" ಆಟೋದವರಿಗೆ ಉಳಿದದ್ದು ಅರ್ಥವಾಗದಿದ್ದರೂ ಹಡಗು ಅರ್ಥವಾಯಿತು. "ಚೇಚ್ಚೀ, ಅದು ದುಬೈಕ್ಕಾ!" ಅಂದರೆ, ಅಕ್ಕಾ, ಅದು ಹೊರಟಿದ್ದು ದುಬೈಗೆ!

ನಿನ್ನೆ ರೈಲಿನಲ್ಲಿ ತಿರುವನಂತಪುರಕ್ಕೆ ಹೋದೆವು. ದಾರಿಯುದ್ದಕ್ಕೂ ಕಾಕು ಭಾಷಣ ಒಪ್ಪಿಸಿದರು, ಮಗಳು "ಅಮ್ಮೇ, ಮದಿ! ಸಾಕು!" ಎಂದು ಕಿವಿ ಮುಚ್ಚಿಕೊಂಡಳು. ಆದರೆ ವೇದಿಕೆ ಹತ್ತಿದ ಕಾಕು ಬೇರೆಯೇ! "ಐದುನೂರು ವರ್ಷದ ಹಿಂದ ಸ್ಪೇನಿನ ನಾವಿಕನೊಬ್ಬ ಹಡಗಿನಾಗ ಹಾದುಹೋಗ್ತಿದ್ದ. ದಂಡಿ ಮ್ಯಾಲಿನ ಮಂದಿ ಆಫ್ರಿಕಾದ ಗಿನಿಯವರಂಗ ಕಂಡ್ರು. ತಗೋರಿ, ಹೊಸಾ ಗಿನಿ! ಒಳಗ ಎಷ್ಟು ಬೆಟ್ಟ ಅವ, ಎಷ್ಟು ಕಣಿವಿ ಅವ, ಯಾರರ ಇಳದು ನೋಡಿದ್ರೇನು?" ಸಭೆ ಕಿವಿಗೊಟ್ಟಿತು. ನನಗೆ ರೋಮಾಂಚನ!

ಮುಂದಿನ ಸಾಲಿನಿಂದ ನಿವೃತ್ತ ವಿಜ್ಞಾನಿಯೊಬ್ಬರು ಕೇಳಿದರು: "ಅದ್ಸರಿ ತಾಯಿ, ಅಲ್ಲಿಯೋರು ಅದನ್ನ ಏನಂತ ಕರೀತಾರೆ?"

"ಎಂಟುನೂರಕ್ಕೂ ಹೆಚ್ಚು ಭಾಷಾ ಅವ ಸರ್ ಅಲ್ಲೆ. ಏನಂತಾರೋ, ನನಗ ಗೊತ್ತಿಲ್ಲ," ಎಂದರು ಕಾಕು. "ಹೆಸರಿಡೋರು ಕೇಳಂಗಿಲ್ರಿ. ನನ್ನ ಮದುವ್ಯಾಗ ತಾಟಿನ ಅಕ್ಕಿಯೊಳಗ ಉಂಗುರದ್ಲೆ ನನಗ ಹೊಸಾ ಹೆಸರು ಬರದ್ರು. ಎಲ್ಲಾರೂ ಚಪ್ಪಾಳಿ ಹೊಡದ್ರು. ನಾನೂ ಹೊಡದೆ!"

ಸಭೆ ಗೊಳ್ಳೆಂದು ನಕ್ಕಿತು.

ಕಾಕು ನಗಲಿಲ್ಲ. ಮುಂದಿನ ಮಾತು ತಪ್ಪಿತು. ಮೈಕು ಕೆಳಗಿಟ್ಟು ಮೆಟ್ಟಿಲ ಕಡೆ ತಿರುಗಿದರು.

ಆಗ ಹಿಂದಿನ ಸಾಲಿನಲ್ಲಿ ಕಾಕಾ ಎದ್ದು ನಿಂತು ಒಂದು ಹೆಸರು ಹಿಡಿದು ಕೂಗಿದರು. ನಾನು ಹುಟ್ಟಿದಾಗಿನಿಂದ ಕೇಳದ ಹೆಸರು. ಯಾರನ್ನು ಕರೆದರೋ ಎಂದು ನಾನೂ ತಿರುಗಿ ನೋಡಿದೆ!

"ಇಳೀಬ್ಯಾಡ," ಎಂದರು ಕಾಕಾ. ಅಕ್ಕಿಯಲ್ಲಿ ಹೊಸ ಹೆಸರು ಬರೆದವರೂ ಅವರೇ, ಈಗ ತವರಿನ ಹಳೆಯ ಹೆಸರು ಕೂಗಿದವರೂ ಅವರೇ. "ಇನ್ನೂ ಟೈಮ್ ಅದ. ಹೇಳು."

ಕಾಕು ಒಂದು ಗಳಿಗೆ ಅವರನ್ನೇ ನೋಡಿದರು. ಆಮೇಲೆ ಮೈಕು ಎತ್ತಿಕೊಂಡರು. ಹತ್ತು ನಿಮಿಷ ಇಪ್ಪತ್ತೈದಾಯಿತು, ಊಟ ಆರಿತು, ಒಬ್ಬರೂ ಏಳಲಿಲ್ಲ.

ವಾಪಸು ರೈಲಿನಲ್ಲಿ ಡೈರಿ ತೆರೆದು, ಆ ಹೆಸರನ್ನು ಬರೆದುಕೊಳ್ಳಲೇ ಎಂದು ಕೇಳಿದೆ.

"ಬ್ಯಾಡೋ," ಎಂದರು ಕಾಕು, ಕಿಟಕಿಯ ಕಡೆ ಮುಖ ಮಾಡಿ. "ಸದ್ಯಕ್ಕ ನಿಮ್ಮ ಕಾಕಾ ಒಬ್ಬರ ಬಾಯಾಗ ಇರ್ಲಿ."

ಹಾಗಾಗಿ ಇಲ್ಲಿಯೂ ಬರೆದಿಲ್ಲ. ಆದರೆ ವಿಜ್ಞಾನಿಗಳ ಪ್ರಶ್ನೆ ಹಾಗೇ ಉಳಿದಿದೆ. ಆ ಬೆಟ್ಟಗಳ ನಡುವೆ ಹುಟ್ಟಿ ಬೆಳೆದವರು ತಮ್ಮ ನೆಲವನ್ನು ಏನೆಂದು ಕರೆಯುತ್ತಾರೆ? ಒಂದೇ ಒಂದು ಕಣಿವೆಯ ಹೆಸರಾದರೂ ಸರಿ, ಬಲ್ಲವರು ದಯವಿಟ್ಟು ಬರೆದು ತಿಳಿಸಿ. ಕಾಕು ಕಾಯುತ್ತಿದ್ದಾರೆ.