ಇಳಿಯಲಾಗದ ದೊರೆ

ಒಂದಾನೊಂದು ಭಾನುವಾರ, ಏಳು ಸಮುದ್ರಗಳಾಚೆ ಅಲ್ಲ, ತೆಲುಗು ನಾಡಿನ ಲಿಂಗಂಪಲ್ಲಿ ಸ್ಟೇಷನ್ನಿನಾಚೆ ಎರಡು ಗಲ್ಲಿ ದಾಟಿದರೆ ಸಿಗುವ ಐದಂತಸ್ತಿನ ಕಟ್ಟಡದ ಟೆರೇಸಿನ ಮೇಲೆ ಒಬ್ಬ ಕ್ರೂರ ದೊರೆ ಇದ್ದ. ಅವನಿಗೆ ಕಿರೀಟವಿರಲಿಲ್ಲ, ಕತ್ತಿ ಇರಲಿಲ್ಲ. ಆಟೋದವನಿಗೆ "ಇಲ್ಲೇ ನಿಲ್ಲಿಸಿ" ಎನ್ನಲು ಧೈರ್ಯ ಸಾಲದೆ, ಮನೆ ದಾಟಿ ಅರ್ಧ ಮೈಲಿ ಹೋಗಿ ನಡೆದು ಬರುವ ಆಸಾಮಿ. ಹೆಸರು ಪದ್ಮನಾಭ, ಊರು ಮೈಸೂರು. ಕಂಪನಿಯಲ್ಲಿ ಬೇರೆಯವರು ಬರೆದ ಪ್ರೋಗ್ರಾಮುಗಳಲ್ಲಿ ತಪ್ಪು ಹುಡುಕುವುದು ಅವನ ಕೆಲಸ. ಹುಡುಕಿದ ಮೇಲೆ, ಹೇಳಲು ಸಂಕೋಚಪಟ್ಟು, ತಾನೇ ತಿದ್ದಿಡುವುದು ಅವನ ಸ್ವಭಾವ.

ಇಂಥವನು ದೊರೆಯಾದದ್ದು ಹೀಗೆ. ಆ ಟೆರೇಸಿನಲ್ಲಿ ಸುತ್ತಲಿನ ಕನ್ನಡದವರೆಲ್ಲ ಭಾನುವಾರ ಸೇರಿ ನಾಟಕ ಓದುತ್ತಿದ್ದರು. ಎಲ್ಲವೂ ದಬ್ಬಾಳಿಕೆಯ ವಿರುದ್ಧ ಜನ ಒಗ್ಗಟ್ಟಾಗಿ ಎದ್ದು ನಿಲ್ಲುವ ನಾಟಕಗಳೇ. ಏಳುವ ಜನರಾಗಲು ನೂಕುನುಗ್ಗಲು. ದಬ್ಬಾಳಿಕೆ ಮಾಡಲು ಮಾತ್ರ ಯಾರೂ ತಯಾರಿಲ್ಲ. ಹಾಗಾಗಿ ಒಂದು ಕಟ್ಟಳೆ ಮಾಡಿಕೊಂಡಿದ್ದರು: ಕೊನೆಗೆ ಮೆಟ್ಟಿಲು ಹತ್ತಿ ಬಂದವರು ದುಷ್ಟನ ಪಾತ್ರ ಓದಬೇಕು. ಪದ್ಮನಾಭ ಈವರೆಗೆ ಹನ್ನೊಂದು ಸಲ ದುಷ್ಟನಾಗಿದ್ದ. ಒಮ್ಮೆಯಾದರೂ ಚಾಪೆಯ ಮೇಲೆ ಜನರ ನಡುವೆ ಕೂತು "ಒಲ್ಲೆ!" ಎಂದು ಕೂಗಬೇಕು ಎಂಬುದು ಅವನ ಆಸೆ.

ಆ ದಿನ ಒಂದು ಗಂಟೆ ಮೊದಲೇ ಹೊರಟ. ಎರಡನೇ ಮಹಡಿಯಲ್ಲಿ, ಟೆರೇಸಿನ ಕೀಲಿ ಇಟ್ಟುಕೊಂಡಿದ್ದ ಕಲಬುರಗಿಯ ಜಯಮ್ಮ ಬಾಗಿಲಲ್ಲೇ ಹಿಡಿದರು.

"ಮ್ಯಾಲ ಹೊಂಟೀಯಲ್ಲ ಪದ್ಮನಾಭ, ಈ ಚಾಪಿ ಒಯ್ಯಪ್ಪ."

ಚಾಪೆ ಇಟ್ಟು ಇಳಿದರೆ ಚಹಾದ ಥರ್ಮಾಸು ಕಾದಿತ್ತು. ಥರ್ಮಾಸು ಇಟ್ಟು ಇಳಿದರೆ ಪ್ಲಾಸ್ಟಿಕ್ ಕುರ್ಚಿ. ಲಿಫ್ಟು ಕೆಟ್ಟು ತಿಂಗಳಾಗಿತ್ತು. ಅವನು ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಮೂರನೇ ಸಲ ಹತ್ತುವಾಗ ಮೂವತ್ತು ಜನ ಅವನನ್ನು ದಾಟಿ ಹೋಗಿದ್ದರು. ಮೊದಲು ಬಂದವನೂ ಇವನೇ, ಕೊನೆಗೆ ಬಂದವನೂ ಇವನೇ. ಕಟ್ಟಳೆಗೆ ಬೇಕಾದದ್ದು ಎರಡನೆಯದು.

"ಬರ್ರಿ ದೊರೆಗಳೇ, ಸಿಂಹಾಸನ ಕೂಡ ನೀವೇ ತಂದೀರಿ!" ಎಂದು ಬಸವಕಿರಣ ಕಾಗದ ಕೈಗಿಟ್ಟ. ನಾಟಕ ಬರೆದವನು ಅವನೇ.

ಮೆಟ್ಟಿಲಲ್ಲೇ ಅವನನ್ನು ದಾಟಿ ಬಂದಿದ್ದ ಜಯಮ್ಮ ಏದುಸಿರು ಬಿಡುತ್ತಲೇ ಕೀಲಿ ತೋರಿಸಿದರು. "ಎರಡು ಐತವಾರ ಆತು, ಈ ನಾಟಕ ಮುಗಿಯವಲ್ದು. ಇವತ್ತ ಆರಕ್ಕ ಮುಗೀಲಿಲ್ಲಂದ್ರ ಕೀಲಿ ಮರತುಬಿಡ್ರಿ. ನಾ ಇಲ್ಲಿ ಹಪ್ಪಳ ಒಣಗಸ್ತೀನಿ."

ವಾರದಲ್ಲಿ ಪದ್ಮನಾಭನ ಗಂಟಲಿನಿಂದ ಪಿಸುಮಾತಿಗಿಂತ ದೊಡ್ಡದು ಹೊರಡುತ್ತಿದ್ದ ಜಾಗ ಇದೊಂದೇ. "ಮುಗಿಸ್ತೀನಿ ಜಯಮ್ಮ. ಮಾತು ಕೊಡ್ತೀನಿ" ಎಂದುಬಿಟ್ಟ.

ತೊಡಕಿದ್ದದ್ದು ನಾಟಕದಲ್ಲೇ. ದೊರೆಯ ಮಾತುಗಳಷ್ಟೇ ಕಾಗದದಲ್ಲಿದ್ದವು, ಪ್ರಜೆಗಳದ್ದು ಖಾಲಿ. "ಶೋಷಿತರ ಬಾಯಿಗೆ ನಾ ಯಾಕ ಮಾತು ತುಂಬಲಿ? ಅವರಿಗೆ ಅನಿಸಿದ್ದು ಅವರು ಹೇಳಲಿ" ಎಂಬುದು ಬಸವಕಿರಣನ ತತ್ವ. ಪ್ರಜೆಗಳೆಲ್ಲ ತಾವಾಗಿಯೇ ಒಕ್ಕೊರಲಿನಿಂದ "ಒಲ್ಲೆವು" ಎಂದಾಗ ದೊರೆ ಕೊನೆಯ ಸಾಲು ಓದಬೇಕು. ಹಿಂದಿನ ಎರಡು ವಾರ ಪ್ರಜೆಗಳು ಚರ್ಚೆ ಮಾಡುತ್ತಲೇ ಮನೆಗೆ ಹೋಗಿದ್ದರು.

ಈ ಸಲ ಮುಂದಿನ ಸಾಲಿನಲ್ಲಿ, ಪಕ್ಕದ ಕಟ್ಟಡದ ಕೆಲಸಕ್ಕೆ ಬಂದಿದ್ದ ರಾಯಚೂರು ಕಡೆಯ ಗದಿಗೆಮ್ಮ ಮತ್ತು ಅವಳ ತಮ್ಮ, ಗಾರೆ ಕೆಲಸದ ತಾಯಪ್ಪ ಕೂತಿದ್ದರು.

"ಎಲೈ ಪ್ರಜೆಗಳಿರಾ, ಕಲ್ಲು ಹೊತ್ತು ನನ್ನ ಕೋಟೆಯ ಗೋಡೆ ಕಟ್ಟಿರಿ" ಎಂದು ದೊರೆ ಗರ್ಜಿಸಿದ. ಅಂಗಡಿಯಲ್ಲಿ ಚಿಲ್ಲರೆ ಇದೆಯೇ ಎಂದು ಕೇಳಿದಂತಿತ್ತು.

"ಪಾಪ, ಎಷ್ಟ್ ಮೆತ್ತಗ ಕೇಳಾಕತ್ತಾನ!" ಗದಿಗೆಮ್ಮ ಮರುಗಿದಳು. "ನಮ್ಮ ಮೇಸ್ತ್ರಿ ಹಿಂಗ ಮಾತಾಡಿದ್ರ ಎರಡಂತಸ್ತು ಜಾಸ್ತಿ ಕಟ್ಟತಿದ್ವಿ. ಕಟ್ಟಿಕೊಡೂಣು ಬಿಡ್ರಿ."

"ಗ್ವಾಡಿ ಒಂಬತ್ತಿಂಚಿಂದೋ, ನಾಕೂವರಿ ಇಂಚಿಂದೋ?" ತಾಯಪ್ಪ ವಿಚಾರಿಸಿದ.

ದೊರೆ ಪುಟ ತಿರುಗಿಸಿದ. "ನಿಮ್ಮ ಬಾವಿಯ ನೀರು ಇಂದಿನಿಂದ ನನ್ನದು!"

"ಅಡ್ಡಿಯಿಲ್ರಿ, ಟ್ಯಾಂಕರ್ ತರಸ್ತೀವಿ" ಎಂದ ತಾಯಪ್ಪ.

"ಹನಿ ನೀರೂ ಮುಟ್ಟಕೂಡದು!" ಎಂದು ಚೀರಲು ಹೋಗಿ ಅವನಿಗೆ ಕೆಮ್ಮು ಹತ್ತಿತು. ಗದಿಗೆಮ್ಮ ಎದ್ದು ಬಂದು ಬಾಟಲಿ ಬಾಯಿಗಿಟ್ಟು, ಬೆನ್ನು ನೇವರಿಸಿ, "ಸಾವಕಾಶ ಕುಡೀರಿ ದೊರಿ" ಎಂದಳು. ಚಾಪೆಯಲ್ಲಿದ್ದವರೆಲ್ಲ ಕಣ್ಣೊರೆಸಿಕೊಂಡರು.

"ಹತ್ತ ಮಿನಿಟು!" ಜಯಮ್ಮ ಬೆರಳಲ್ಲಿ ಕೀಲಿ ತಿರುಗಿಸಿದರು.

ಪದ್ಮನಾಭ ಕಾಗದ ಕೆಳಗಿಟ್ಟು ಕೈಮುಗಿದ. "ನಾನು ದುಷ್ಟ ಕಣ್ರೀ! ನಿಮ್ಮ ದಮ್ಮಯ್ಯ, ನನ್ನ ಇಳಿಸ್ರಿ!"

"ಎಷ್ಟು ದೊಡ್ಡ ಮನಸ್ಸು!" ಎಂದು ಹಿಂದಿನಿಂದ ಯಾರೋ ಬಿಕ್ಕಿದರು.

ಆರಕ್ಕೆ ಎರಡೇ ನಿಮಿಷ. ಪದ್ಮನಾಭನ ತಲೆಯೊಳಗೆ ಏನೋ ಪಟ್ಟೆಂದಿತು. ಕುರ್ಚಿಯ ಮೇಲೆ ಹತ್ತಿ ನಿಂತು, ಜನ್ಮದಲ್ಲಿ ಮೊದಲ ಬಾರಿಗೆ ಗಂಟಲು ಹರಿಯುವಂತೆ ಕೂಗಿದ: "ಇದು ರಾಜಾಜ್ಞೆ! ಎಲ್ಲರೂ ಈಗಿಂದೀಗಲೇ ನನ್ನ ಮೇಲೆ ದಂಗೆ ಏಳಬೇಕು! ಏಳ್ರೋ ಮೇಲೆ!"

ಗದಿಗೆಮ್ಮ ಸೆರಗು ಸೊಂಟಕ್ಕೆ ಬಿಗಿದಳು.

"ಯಾಕ ಏಳಬೇಕ್ರಿ? ನೀವು ಅಂದ್ರಿ ಅಂತನಾ? ಯಾವಾಗ ಏಳಬೇಕು, ಯಾವಾಗ ಕುಂದರಬೇಕು ಅಂತ ಹೇಳಾಕ ನೀವ್ಯಾರು? ನಾವು ನಿಮ್ಮನ್ನ ಇಳಸಂಗಿಲ್ಲ. ಒಲ್ಲೆವು!"

"ಒಲ್ಲೆವು!" ಎಂದ ತಾಯಪ್ಪ.

"ಒಲ್ಲೆವು!" ಮೂವತ್ತು ಕೊರಳು ಒಂದಾದವು. ಜಯಮ್ಮನೂ ಕೀಲಿ ಎತ್ತಿ ಕೂಗಿದರು. ಅಂಥ ಒಗ್ಗಟ್ಟನ್ನು ಆ ಟೆರೇಸು ಕಂಡಿರಲಿಲ್ಲ. ಬಸವಕಿರಣ ಕೇಕೆ ಹಾಕಿದ, "ದಂಗೆ! ಇದು ಖರೇ ದಂಗೆ! ದೊರೆಯ ಅಪ್ಪಣೆ ಮುರಿದ್ರು!"

ಬದುಕಿದೆ ಎಂದುಕೊಂಡು ಪದ್ಮನಾಭ ಕುರ್ಚಿಯಿಂದ ಕಾಲು ಕೆಳಗಿಡಹೋದ. ತಾಯಪ್ಪ ಭುಜ ಹಿಡಿದು ಕೂರಿಸಿದ.

"ಎಲ್ಲಿಗ್ರಿ? ಗೆದ್ದವರು ನಾವು, ನಮ್ಮ ಮಾತು ನಡೀಬೇಕು. ನೀವು ಇಳಿಯಂಗಿಲ್ಲ. ಇನ್ನ ಎಲ್ಲಾ ನಾಟಕದಾಗೂ ನೀವೇ ದೊರಿ."

"ಯಾರು ಮೊದಲ ಬರಲಿ, ಯಾರು ಕಡೀಕ ಬರಲಿ" ಎಂದು ಗದಿಗೆಮ್ಮ ಸೇರಿಸಿದಳು. ಇಡೀ ಚಾಪೆ ಚಪ್ಪಾಳೆ ತಟ್ಟಿತು.

"ಮುಗೀತೇನಪ್ಪ?" ಜಯಮ್ಮ ಕೇಳಿದರು.

ಪದ್ಮನಾಭ ಕಾಗದ ಎತ್ತಿಕೊಂಡ. ಎಂದಿನ ಪಿಸುದನಿಯಲ್ಲಿ, ಕೊಟ್ಟ ಮಾತಿನಂತೆ, ಕೊನೆಯ ಸಾಲು ಓದಿದ: "ಪ್ರಜೆಗಳು ಗೆದ್ದರು. ದೊರೆ ಸೋತ."