ನಮ್ಮತ್ತೆಯ ಎಡಮಗ್ಗುಲು

ದೇವರು ನನಗೆ ಕೊಟ್ಟಿರುವ ಸಣ್ಣಪುಟ್ಟ ಭಾಗ್ಯಗಳಲ್ಲಿ ಬೈಯದೆ ತಿದ್ದುವ ಸೊಸೆಯೂ ಒಂದು. ಬೈದಿದ್ದರೆ ನಾನೂ ತಿರುಗಿ ನಾಲ್ಕು ಮಾತಾಡಿ ಮನಸ್ಸು ಹಗುರ ಮಾಡಿಕೊಳ್ಳುತ್ತಿದ್ದೆ. ಇವಳು ಅದಕ್ಕೂ ಅವಕಾಶ ಕೊಡುವುದಿಲ್ಲ. ವೀಣಾ ಆಸ್ಪತ್ರೆಯೊಂದರಲ್ಲಿ ನರ್ಸುಗಳಿಗೆ ಪಾಠ ಹೇಳುತ್ತಾಳೆ. ಹಿಂದಿನಿಂದ ಹೀಗೇ ನಡೆದು ಬಂದಿದೆ ಎಂದು ಮಾಡಬೇಡಿ, ಇದರಿಂದ ರೋಗಿಗೆ ಒಳ್ಳೆಯದಾಗುತ್ತದೆ ಎನ್ನುವುದಕ್ಕೆ ಆಧಾರವೇನು ಎಂದು ಕೇಳಿಕೊಳ್ಳಿ, ಸಣ್ಣದಾಗಿ ಬದಲಾಯಿಸಿ ನೋಡಿ, ಇದು ಅವಳ ಪಾಠ. ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಪ್ರತಿಯೊಂದಕ್ಕೂ ಹೀಗೆ ಕೇಳುತ್ತಾ ಕೂತರೆ ಒಲೆ ಹಚ್ಚುವಷ್ಟರಲ್ಲಿ ಸಂಜೆಯಾಗುತ್ತದೆ.

ಈಚೆಗೆ ನಮ್ಮತ್ತೆಯವರು ನಿಶ್ಶಕ್ತಿಯಿಂದ ಹಾಸಿಗೆ ಹಿಡಿದರು. ನಡುಮನೆಯಲ್ಲಿ ಮಂಚ. ಬಲಮಗ್ಗುಲಿಗೆ ಮಲಗಿದರೆ ದೇವರಮನೆಯ ರಾಮ ಕಾಣುತ್ತಾನೆ, ಹಾಗಾಗಿ ಆ ಮಗ್ಗುಲು ಬಿಟ್ಟು ಅಲ್ಲಾಡಲೊಲ್ಲರು. ಸೊಂಟದ ಮೂಳೆಯ ಮೇಲೆ ಚರ್ಮ ಕೆಂಪಾಯಿತು. ನಾನು ಕೊಬ್ಬರಿ ಎಣ್ಣೆ ಹಚ್ಚಿ, ರಾಮ ರಾಮ ಎನ್ನುತ್ತಾ ಭಕ್ತಿಯಿಂದ ತಿಕ್ಕಿದೆ. ಕೆಂಪು ಇನ್ನಷ್ಟು ಹರಡಿತು. ಅದು ಹುಣ್ಣಾಗಿ ಒಡೆದರೆ ಈ ವಯಸ್ಸಿಗೆ ಮಾಯುವುದು ಕಷ್ಟ ಎಂದು ವೀಣಾಗೆ ಭಯ. ಆದರೆ ಅತ್ತೆಯಾದ ನನಗೆ ತಿಕ್ಕಬೇಡಿ ಎನ್ನುವುದು ಹೇಗೆ?

"ಅತ್ತೆ, ನಾಳೆ ಕ್ಲಾಸಿದೆ. ಸ್ವಲ್ಪ ನರ್ಸ್ ಥರ ಕೂತ್ಕೊಳ್ತೀರಾ? ಅಭ್ಯಾಸ ಮಾಡ್ಕೋತೀನಿ" ಎಂದಳು. ಕೂತೆ.

"ಸಿಸ್ಟರ್, ಕೆಂಪಾಗಿರೋ ಜಾಗ ಯಾಕೆ ತಿಕ್ತೀರಿ?"

"ನಮ್ಮಮ್ಮ ತಿಕ್ತಿದ್ರು."

"ತಿಕ್ಕಿದ್ಮೇಲೆ ಕಮ್ಮಿ ಆಗ್ತಿತ್ತಾ?"

"ಇಲ್ಲ. ಆದ್ರೂ ತಿಕ್ತಿದ್ರು."

ಅವಳು ನಗು ನುಂಗಿಕೊಂಡು, ಒಂದೇ ಕಡೆ ಭಾರ ಬಿದ್ದು ನೊಂದ ಚರ್ಮವನ್ನು ತಿಕ್ಕಿದರೆ ಇನ್ನೂ ಕೆಡುತ್ತದೆ, ಆಗಾಗ ಮಗ್ಗುಲು ಬದಲಿಸಬೇಕು ಎಂದು ವಿವರಿಸಿದಳು. ಪಾಠ ನನಗೇ ಎಂದು ಹೊಳೆಯುವಷ್ಟರಲ್ಲಿ ಕೈಯಲ್ಲಿದ್ದ ಕಾಫಿ ಆರಿತ್ತು.

ಇಬ್ಬರೂ ಸೇರಿ ಅತ್ತೆಯವರನ್ನು ಎಡಕ್ಕೆ ತಿರುಗಿಸಿದೆವು. "ದೇವರಿಗೆ ಬೆನ್ನು ಹಾಕಿ ಬೋಳು ಗೋಡೆ ನೋಡೋಕೆ ನಾನೇನ್ರೇ ಪಾಪ ಮಾಡಿದ್ದೆ?" ಎಂದು ಅತ್ತರು. ನಾವು ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ಮಂಚದ ಸರಳು ಹಿಡಿದುಕೊಂಡು ಮತ್ತೆ ಬಲಕ್ಕೇ ತಿರುಗಿದ್ದರು.

ವೀಣಾ ಪೆಚ್ಚಾದಳು. "ಅವರನ್ನ ಕೇಳ್ದೇನೇ ಎಲ್ಲಾ ನಿರ್ಧಾರ ಮಾಡ್ಬಿಟ್ಟೆ ಅತ್ತೆ. ರೋಗಿಗೇನು ಬೇಕು ಕೇಳಿ ಅಂತ ದಿನಾ ಬೇರೆಯವರಿಗೆ ಹೇಳೋಳು ನಾನು!" ಅವಳೇ ಹೋಗಿ ಮಂಚದ ಅಂಚಿಗೆ ಕೂತು, "ಅಜ್ಜಿ, ಆ ಗೋಡೇಲಿ ಏನಿದ್ರೆ ತಿರುಗ್ತೀರಾ?" ಎಂದು ಕೇಳಿದಳು.

"ಆಂಜನೇಯನ್ನ ತಂದಿಡು. ದೊಡ್ಡದು ತಾ, ಕನ್ನಡಕ ಇಲ್ದೆ ಕಾಣಬೇಕು."

ನಮ್ಮ ಯಜಮಾನರು ಅಕ್ಕಿಪೇಟೆ ಕಡೆಯಿಂದ ದೊಡ್ಡ ಪಟವನ್ನೇ ಹೊತ್ತು ತಂದರು. ಅತ್ತೆಯವರು ಎಡಕ್ಕೆ ತಿರುಗಿ ಕೈಮುಗಿದರು. "ಈಗ ರಾಮನಿಗೆ ಬೆನ್ನಾಯ್ತಲ್ಲಾ?" ಎಂದು ನಾನು ಕೆಣಕಿದೆ. "ಆಂಜನೇಯನ್ನ ನೋಡ್ತಿದ್ರೆ ರಾಮ ಬೇಜಾರು ಮಾಡ್ಕೊಳಲ್ಲ, ಸುಮ್ನಿರೇ" ಎಂದರು.

ದಿನ ಕಳೆದಂತೆ ಕೆಂಪು ಮಾಸಿತು, ಚರ್ಮ ಒಡೆಯಲಿಲ್ಲ. ಎಲ್ಲಾ ಆಂಜನೇಯನ ದಯೆ ಎಂದೆ ನಾನು. ವೀಣಾ ನಕ್ಕಳು. "ತಿಕ್ಕೋದು ಬಿಟ್ರಿ, ಮಗ್ಗುಲು ಬದಲಾಯ್ಸಿದ್ವಿ, ಪಟ ತಂದ್ವಿ. ಎಲ್ಲಾ ಒಟ್ಟಿಗೇ ಮಾಡಿದ್ರೆ ಯಾವುದರಿಂದ ಅಂತ ಹೇಗೆ ಹೇಳೋದು ಅತ್ತೆ?"

"ಒಂದೊಂದೇ ನಿಲ್ಲಿಸಿ ನೋಡಿದ್ರೆ ಗೊತ್ತಾಗುತ್ತಲ್ಲ" ಎಂದೆ, ಅವಳ ವಿದ್ಯಾರ್ಥಿನಿಯ ಗತ್ತಿನಲ್ಲಿ.

"ಸರಿ, ಮೊದಲು ಪಟ ಇಳಿಸಿ."

ನಾನು ಎದ್ದು ಹೋಗಿ ಪಟಕ್ಕೆ ಹೂ ಮುಡಿಸಿದೆ. ಮೊಳೆ ಭದ್ರವಾಗಿದೆಯೇ ಎಂದು ಅಲ್ಲಾಡಿಸಿಯೂ ನೋಡಿದೆ.