ಪರಾಮರ್ಶನ ಪಟ್ಟಿಗೆ ಒಂದು ಎಡೆ

ಬೆಳಿಗ್ಗೆ ದೇವರಿಗೆ ದೀಪ ಹಚ್ಚಿದ ಮೇಲೆ, ನಮ್ಮ ಮನೆಯಲ್ಲಿ ಹೋದ ಹಿರಿಯರ ಹೆಸರುಗಳನ್ನು ಒಂದೊಂದಾಗಿ ಹೇಳಿ ಕೈಮುಗಿಯುವುದು ನನ್ನ ಅಭ್ಯಾಸ. ಮುತ್ತಜ್ಜನಿಂದ ಹಿಡಿದು ಮಾವ ನಂಜುಂಡಪ್ಪನವರವರೆಗೆ ಒಂಬತ್ತು ಹೆಸರು. ಜ್ವರ ಬಂದ ದಿನವೂ ತಪ್ಪಿಸಿದವಳಲ್ಲ, ಒಲೆಯ ಮೇಲೆ ಹಾಲು ಉಕ್ಕಿದರೂ ನಡುವೆ ನಿಲ್ಲಿಸಿದವಳಲ್ಲ. (ಹಾಲು ಎಷ್ಟೋ ಸಲ ಉಕ್ಕಿದೆ.) ಇಂಥವಳು ಬದುಕಿರುವ ಒಬ್ಬ ವಿದ್ವಾಂಸರನ್ನು ಕೊಂದುಬಿಟ್ಟೆನಲ್ಲ ಎಂಬ ಗಾಬರಿ ನನಗಿನ್ನೂ ಇಳಿದಿಲ್ಲ.

ಕೊಂದದ್ದು ಟೈಪ್ ಮಾಡಿ.

ನಮ್ಮವರು (ಹೆಸರು ರಂಗನಾಥ್, ಬರೆಯಬಹುದು, ಕರೆಯುವಂತಿಲ್ಲ) ತಿಪಟೂರಿನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ತೆಂಗಿನ ಗರಿ ತಿನ್ನುವ ಕಪ್ಪು ತಲೆ ಹುಳುವಿನ ಮೇಲೆ ನಾಲ್ಕು ವರ್ಷ ಕೂತು ಒಂದು ಪ್ರಬಂಧ ಬರೆದಿದ್ದರು. ದಿನವೂ ಊಟಕ್ಕೆ ಕೂತಾಗ ಹುಳುವಿನದೇ ಮಾತು. ನನಗೆ ಕೇಳಿಸಿಕೊಳ್ಳಲು ಬೇಸರವಿಲ್ಲ. ಕೇಳಿ ಕೇಳಿಯೇ ಆ ಹುಳುವಿನ ಸಂಸಾರ ನನಗೆ ನಾದಿನಿಯ ಸಂಸಾರಕ್ಕಿಂತ ಚೆನ್ನಾಗಿ ಗೊತ್ತು.

ವಿಜ್ಞಾನ ಪತ್ರಿಕೆಯವರು ಪ್ರಬಂಧವನ್ನು ಎರಡು ಸಲ ವಾಪಸು ಕಳಿಸಿದ್ದರು. ಹುಳುವಿನ ತಪ್ಪಲ್ಲ, ಕೊನೆಯಲ್ಲಿ ಬರುವ ಪರಾಮರ್ಶನ ಪಟ್ಟಿಯದು. ಯಾವ ಮಾತನ್ನು ಯಾರ ಬರಹದಿಂದ ತೆಗೆದುಕೊಂಡಿರಿ ಎಂದು ಅಲ್ಲಿ ಹೇಳಬೇಕಂತೆ. ಒಮ್ಮೆ ಇಸವಿಗೆ ಕಂಸ ಹಾಕಿಲ್ಲವೆಂದು ವಾಪಸು, ಇನ್ನೊಮ್ಮೆ ಹಾಕಿದ ಕಂಸ ಸರಿಯಿಲ್ಲವೆಂದು ವಾಪಸು. ಇದು ಮೂರನೆಯ ಮತ್ತು ಕಡೆಯ ಅವಕಾಶ: ಶನಿವಾರ ಸಂಜೆ ಐದರೊಳಗೆ. ಪ್ರಬಂಧ ಅಚ್ಚಾದರೆ ಬಡ್ತಿ, ಇಲ್ಲದಿದ್ದರೆ ಹನ್ನೊಂದು ವರ್ಷದ ಅದೇ ಕುರ್ಚಿ.

ಕಂಪ್ಯೂಟರನ್ನು ನಂಬದ ನಮ್ಮವರು ಶನಿವಾರ ಬೆಳಿಗ್ಗೆ ಐವತ್ತೆಂಟು ಚೀಟಿ ಬರೆದು ನಡುಮನೆಯ ತುಂಬ ಸಾಲಾಗಿ ಹಾಸಿದರು.

"ಗಿರಿಜಾ, ನಂಗೆ ಕ್ಲಾಸೈತೆ. ಇವನ್ನೆಲ್ಲ ನೀಟಾಗಿ ಟೈಪ್ ಮಾಡಿ ನಂಬರ್ ಹಾಕಿಡು. ಮೂರಕ್ಕೆ ಬತ್ತೀನಿ."

ನಾನು ಏಳನೇ ತರಗತಿಗೆ ಶಾಲೆ ಬಿಟ್ಟವಳು. ಇಂಗ್ಲಿಷು, ಟೈಪಿಂಗು ಎರಡನ್ನೂ ಮನೆಯಲ್ಲೇ ಕಲಿತದ್ದು. ಗಂಡ ನಂಬಿ ಕೊಟ್ಟ ಕೆಲಸವೆಂದು ಕೀಲಿಮಣೆಗೆ ನಮಸ್ಕರಿಸಿ ಕೂತೆ. ಸಾಲಿನ ವಿಷಯ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಬೆಳ್ಳುಳ್ಳಿ ಬಿಡಿಸುತ್ತಿದ್ದ ಅತ್ತೆ ನಿಂಗಮ್ಮ ಇಣುಕಿ ನೋಡಿದರು. "ಏನೇ ಇದು, ಲಗ್ನಪತ್ರಿಕೆನಾ?"

"ಹಂಗೇ ಅನ್ಕೊಳ್ಳಿ ಅತ್ತೆ. ಇವ್ರೆಲ್ಲ ಹೇಳಿದ್ದನ್ನ ನಂಬ್ಕೊಂಡು ನಿಮ್ಮ ಮಗ ಬರ್ದಿರೋದು."

ಮೊದಲ ಚೀಟಿ ನೋಡಿದೆ. ಎರಡು ಸಾವಿರದ ಇಪ್ಪತ್ತೆರಡರಲ್ಲಿ ಬರೆದವನೊಬ್ಬ ಎಲ್ಲರಿಗಿಂತ ಮುಂದೆ! ಸಾವಿರದ ಒಂಬೈನೂರ ಹದಿನೇಳರ ಮಹನೀಯರು ಎಲ್ಲೋ ನಲವತ್ತೊಂದನೆಯವರಾಗಿ ಅಟ್ಟದ ಏಣಿಯ ಕೆಳಗೆ ಬಿದ್ದಿದ್ದರು. ಮೊಮ್ಮಗನ ಹೆಸರು ಮೇಲೆ ಹಾಕಿ ತಾತನನ್ನು ಕೆಳಗೆ ತಳ್ಳುವುದುಂಟೇ? ನಮ್ಮ ಮದುವೆಯ ಪತ್ರಿಕೆಯಲ್ಲಿ ದಬ್ಬೇಘಟ್ಟದ ಶಿವಣ್ಣಮಾವನ ಹೆಸರು ಅವರ ತಮ್ಮನ ಹೆಸರಿನ ಕೆಳಗೆ ಬಂತೆಂದು ಅವರು ಇವತ್ತಿಗೂ ನಮ್ಮ ಮನೆಯ ನೀರು ಮುಟ್ಟಿಲ್ಲ. ಚೀಟಿಗಳನ್ನೆಲ್ಲ ಎತ್ತಿ, ಹಿರಿಯರು ಮೊದಲು ಬರುವಂತೆ ಜೋಡಿಸಿದೆ.

ಮುಂದಿನ ಆಘಾತ 'ಮತ್ತು ಇತರರು'. ಮೂರು ಹೆಸರು ಬರೆದು, ಉಳಿದವರನ್ನೆಲ್ಲ ಆ ಎರಡು ಮಾತಿನಲ್ಲಿ ನುಂಗಿಬಿಟ್ಟಿದ್ದರು! ಹುಳು ಹಿಡಿಯಲು ಮರ ಹತ್ತಿದವರು ಆ ಇತರರೇ ಇರಬೇಕು. ಮೂಲ ಪ್ರಬಂಧಗಳ ಕಟ್ಟು ಬಿಚ್ಚಿ ಎಲ್ಲರ ಹೆಸರನ್ನೂ ಹುಡುಕಿ ಸೇರಿಸಿದೆ. ಒಂದರಲ್ಲಿ ಇಪ್ಪತ್ತಮೂರು ಜನರಿದ್ದರು. ನಾಲ್ಕು ಪುಟದ ಪಟ್ಟಿ ಹನ್ನೊಂದು ಪುಟವಾಯಿತು.

"ಹೋದೋರ ಹೆಸ್ರಿಗೆ ದಿವಂಗತ ಅಂತ ಹಾಕಿದ್ಯಾ?" ಎಂದರು ಅತ್ತೆ.

"ಯಾರು ಹೋಗವ್ರೆ, ಯಾರಿದಾರೆ ಅಂತ ನಂಗೆಂಗೆ ಗೊತ್ತಾಯ್ತದೆ ಅತ್ತೆ?"

"ಅದ್ಯಾವ ಇಸ್ವೀದು?"

"ಅರವತ್ನಾಕು."

"ಹೋಗಿರ್ತಾರೆ ಬುಡು."

ಅತ್ತೆಯ ಈ ಶಾಸ್ತ್ರದ ಪ್ರಕಾರ ಎಪ್ಪತ್ತಕ್ಕಿಂತ ಹಿಂದಿನ ಹನ್ನೊಂದು ಜನರಿಗೂ ಇಂಗ್ಲಿಷಿನಲ್ಲೇ 'ಲೇಟ್' ಎಂದು ಹಾಕಿದೆ. ಬ್ಯಾಂಕಿನ ಕಾಗದಗಳಲ್ಲಿ ಮಾವನವರ ಹೆಸರಿಗೆ ಅಂಟಿಕೊಂಡು ಬರುವ ಪದ, ನನಗೆ ಬಾಯಿಪಾಠ.

ಬಸ್ಸು ಕೆಟ್ಟು ನಮ್ಮವರು ಬಂದಾಗ ನಾಲ್ಕೂ ಮುಕ್ಕಾಲು. ಕರೆಂಟಿರಲಿಲ್ಲ, ಲ್ಯಾಪ್‌ಟಾಪಿನ ಜೀವ ಗಂಟಲಿಗೆ ಬಂದಿತ್ತು. ಕೊನೆಯ ನಂಬರ್ ಐವತ್ತೆಂಟು ಇದೆಯೆಂದಷ್ಟೇ ನೋಡಿದರು.

"ಪುಟ ಜಾಸ್ತಿ ಆದಂಗೈತಲ್ಲೇ?"

"ಯಾರ್ನೂ ಬಿಟ್ಟಿಲ್ಲ ಕಣ್ರೀ."

"ಭೇಷ್!" ಎಂದು ಕಳಿಸಿಯೇಬಿಟ್ಟರು.

ಮಾರನೆಯ ದಿನ ಮಹಾಲಯ ಅಮಾವಾಸ್ಯೆ. ಹಿರಿಯರಿಗೆ ಎಡೆಯಿಡುವಾಗ, ನಮ್ಮವರ ಪ್ರಬಂಧ ಹೊತ್ತ ಆ ಹನ್ನೊಂದು ಜನರ ನೆನಪಾಗಿ ಮನಸ್ಸು ತಡೆಯಲಿಲ್ಲ. ಹೆಸರುಗಳನ್ನು ಬರೆದಿಟ್ಟು, ಅವರಿಗೂ ಒಂದು ಎಲೆ ಹಾಕಿ ಬಡಿಸಿದೆ. "ಹಾಕೇ, ನನ್ನ ಮಗನ್ನ ಕಾಪಾಡೋರು" ಎಂದು ಅತ್ತೆಯೂ ಕೈಮುಗಿದರು.

ಮಂಗಳವಾರ ಬೆಳಿಗ್ಗೆ ಫೋನ್ ಬಂತು. ನಮ್ಮವರು ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದರು.

"ರಂಗನಾಥ್ ಅವರಾ? ನಾನು ಪತ್ರಿಕೆಯ ಗೌರವ ಸಂಪಾದಕ, ತಿಮ್ಮರಾಜು."

"ಯಾವ ತಿಮ್ಮರಾಜು ಸಾರ್?"

"ನಿಮ್ಮ ಪಟ್ಟೀಲಿ ಒಂಬತ್ತನೇ ನಂಬರ್. ಲೇಟ್."

ನನ್ನ ಕೈಯಲ್ಲಿದ್ದ ಸೌಟು ನೆಲಕ್ಕೆ ಬಿತ್ತು. "ಹೋಗವ್ರೆ ಅಂದ್ರೆ ಮಾತಾಡ್ತಾವ್ರಲ್ಲೇ!" ಎಂದು ಅತ್ತೆ ನನ್ನನ್ನೇ ದುರುಗುಟ್ಟಿ ನೋಡಿದರು.

"ಸತ್ತಿದ್ದನ್ನ ಸೈರಿಸ್ಕೊಂಡೆ ಕಣಪ್ಪ. ಆದ್ರೆ 'ಡ್ರೋನಿನಿಂದ ಔಷಧಿ ಸಿಂಪಡಿಸಿದರು' ಅಂತ ಬರ್ದು ಪಕ್ಕದಲ್ಲಿ ಒಂಬತ್ತು ಅಂತ ಹಾಕಿದ್ದೀಯ. ಅರವತ್ನಾಕರಲ್ಲಿ ನನ್ನ ತಾವ ಇದ್ದಿದ್ದು ಒಂದು ಸೈಕಲ್ಲು. ಅದೂ ನಮ್ಮಣ್ಣಂದು."

ಆಗ ನನಗೆ ಹೊಳೆಯಿತು. ಪ್ರಬಂಧದೊಳಗೆ ಪ್ರತಿ ಮಾತಿನ ಪಕ್ಕದಲ್ಲಿದ್ದ ನಂಬರು, ನಮ್ಮವರು ಚೀಟಿ ಹಾಸಿದ್ದ ಸಾಲಿನದು. ನಾನು ಆ ಸಾಲನ್ನೇ ಕಲಕಿದ್ದೆ. ನಮ್ಮವರ ಮುಖ ಎಳನೀರು ಕುಡಿದು ಬಿಸಾಡಿದ ಬುರುಡೆಯಂತಾಗಿತ್ತು. ಹನ್ನೊಂದು ವರ್ಷದ ಕುರ್ಚಿ ಅವರ ಕಣ್ಣೊಳಗೇ ಕಾಣುತ್ತಿತ್ತು.

"ಅಯ್ಯೋ ಸ್ವಾಮಿ, ಅವ್ರದ್ದೇನೂ ತಪ್ಪಿಲ್ಲ, ನಾನೇ ಮಾಡಿದ್ದು," ಎಂದು ಫೋನಿಗೆ ಕೈಮುಗಿದು, ಹಿರಿಯರನ್ನು ಮುಂದೆ ತಂದದ್ದು, ಇತರರನ್ನು ಹುಡುಕಿದ್ದು ಎಲ್ಲ ಒಪ್ಪಿಕೊಂಡೆ. ಮುಚ್ಚಿಟ್ಟರೆ ದೇವರು ಮೆಚ್ಚನೆಂದು, "ಅಮಾಸೆಗೆ ನಿಮ್ಗೂ ಎಡೆ ಹಾಕ್ಬುಟ್ಟೆ" ಎಂದೂ ಹೇಳಿದೆ.

ಆ ಕಡೆ ಸದ್ದಿಲ್ಲ. (ಈಗ ನಿಜವಾಗಿಯೂ ಹೋದರೇನೋ ಎಂದುಕೊಂಡೆ.)

"ಏನೇನ್ ಬಡಿಸಿದ್ದೆ?"

"ಕಡುಬು, ವಡೆ, ಪಾಯಸ."

"ಸಕ್ಕರೆ ಕಾಯ್ಲೆ ಅಂತ ಹನ್ನೆರಡು ವರ್ಷದಿಂದ ನಮ್ಮನೇಲಿ ಪಾಯಸ ತೋರ್ಸಿಲ್ಲ ಕಣಮ್ಮ. ಸತ್ತಿದ್ರೇ ವಾಸಿಯಾಗಿತ್ತು!" ಎಂದು ಕೆಮ್ಮು ಬರುವಷ್ಟು ನಕ್ಕರು. "ನಮ್ದೂ ನಿಮ್ಮ ಕಡೇನೇ, ಮಾಯಸಂದ್ರ. ನಿನ್ನ ಲೆಕ್ಕ ನಂಗರ್ಥವಾಯ್ತು. ಗುರುವಾರದೊಳಗೆ ಸರಿಮಾಡಿ ಕಳ್ಸಿ. ನನ್ನನ್ನ ಬದುಕ್ಸಿ ಕಳ್ಸಿ."

ಚೀಟಿಗಳು ಮತ್ತೆ ನಡುಮನೆಗೆ ಬಂದವು. ಮನಸ್ಸಿನಲ್ಲೇ ಕ್ಷಮೆ ಕೇಳುತ್ತ ಹದಿನೇಳರ ಮಹನೀಯರನ್ನು ಏಣಿಯ ಕೆಳಕ್ಕೆ ಕಳಿಸಿದೆ, ಇತರರನ್ನು ಮತ್ತೆ ಇತರರಾಗಿಸಿದೆ. ನಮ್ಮವರು ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಹುಳುವಿನ ವಿಷಯವನ್ನೂ ಎತ್ತಲಿಲ್ಲ.

ಶುಕ್ರವಾರ ತಿಮ್ಮರಾಜು ಅವರೇ ಫೋನ್ ಮಾಡಿದರು. ಪ್ರಬಂಧ ಒಪ್ಪಿಗೆಯಾಗಿತ್ತು. ನಮ್ಮವರು ಕೂತಲ್ಲಿಂದ ಎದ್ದು ನಿಂತು, ಮತ್ತೆ ಕೂತರು.

"ಕೊನೇಲಿ ಕೃತಜ್ಞತೆ ಅಂತ ಒಂದು ಜಾಗ ಇರ್ತದೆ ಕಣಮ್ಮ," ಎಂದು ಅವರು ನನ್ನನ್ನು ಫೋನಿಗೆ ಕರೆದು ಹೇಳಿದರು. "ಅಲ್ಲಿ ನಿನ್ನ ಹೆಸ್ರು ಹಾಕಿಸ್ತೀನಿ. ನೂರು ವರ್ಷ ಅಚ್ಚಿನಲ್ಲಿ ಉಳೀತದೆ."

ನಮ್ಮವರು ಒಪ್ಪಿಕೋ ಎಂಬಂತೆ ತಲೆಯಾಡಿಸಿದರು. ಅತ್ತೆ, "ಹಾಕಿಸ್ಕೊಳ್ಳೇ!" ಎಂದು ತಿವಿದರು.

"ಬೇಡಿ ಸಾರ್," ಎಂದೆ. "ಅರವತ್ತು ವರ್ಷ ಆದ್ಮೇಲೆ ನನ್ನಂಥೋಳೊಬ್ಳು ಅದನ್ನ ಟೈಪ್ ಮಾಡಕ್ಕೆ ಕೂತ್ಕೋತಾಳೆ. ಪಕ್ಕದಲ್ಲಿ ಅವಳ ಅತ್ತೆ ಬೆಳ್ಳುಳ್ಳಿ ಬಿಡಿಸ್ತಿರ್ತಾರೆ."